ಕೊಟ್ಟಿಗೆಯಲ್ಲಿ ನಿಂತೇ ಕಾಶಿಗೆ ಹೋದ ಕಾರು

ನಮ್ಮ ಸೋದರಮಾವನಷ್ಟು ದೂರ ಕಾರಿನಲ್ಲಿ ಪ್ರಯಾಣ ಮಾಡಿದ ಮನುಷ್ಯ ಇಡೀ ನೀಲಗಿರಿಯಲ್ಲಿ ಇನ್ನೊಬ್ಬರಿರಲಿಲ್ಲ. ಮೈಸೂರಿಗೆ ಎಷ್ಟು ಸಲ ಹೋಗಿಬಂದರೋ ಅವರಿಗೇ ನೆನಪಿಲ್ಲ. ಶ್ರೀಶೈಲಕ್ಕೆ ಮೂರು ಸಲ. ಕಾಶಿಗೆ ಎರಡು ಸಲ. ಅದರಲ್ಲಿ ಒಂದು ಸಲ ಗಂಗೆಗೆ ಪ್ರವಾಹ ಬಂದಿದೆಯೆಂದು ಅರ್ಧ ದಾರಿಯಿಂದಲೇ ತಿರುಗಿದರು. ಆದರೆ ಈ ಯಾತ್ರೆಗಳಲ್ಲಿ ಒಂದಕ್ಕಾದರೂ ಆ ಕಾರು ನಮ್ಮ ಎಮ್ಮೆ ಕೊಟ್ಟಿಗೆಯನ್ನು ಬಿಟ್ಟು ಹೊರಗೆ ಬಂದಿರಲಿಲ್ಲ!

ಹಾಗಾದರೆ ಮಾವ ಸುಳ್ಳುಗಾರರೇ? ಛೆ, ಛೆ! ದಿನಕ್ಕೆ ಎರಡು ಹೊತ್ತು ಲಿಂಗಪೂಜೆ ಮಾಡಿ, ಹಣೆ ತುಂಬ ವಿಭೂತಿ ಬಳಿದುಕೊಳ್ಳುವ ಮನುಷ್ಯ. ಅವರು ಮಾಡುತ್ತಿದ್ದದ್ದು ತಯಾರಿ. ಉಳಿದವರು ಊರಿಗೆ ಹೋಗಬೇಕಾದರೆ ಬುತ್ತಿ ಕಟ್ಟುತ್ತಾರೆ, ಹೋಗುತ್ತಾರೆ. ನಮ್ಮ ಮಾವ ಮಾತ್ರ ಹೋಗುವುದನ್ನೇ ಮೊದಲು ಕಲಿತುಕೊಂಡು ಆಮೇಲೆ ಹೋಗಬೇಕು ಎನ್ನುವವರು.

ನಾನು ಆಗ ಉದಕಮಂಡಲದ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರಾಗಿದ್ದೆ. ಅಪ್ಪ ಅಮ್ಮ ಗೂಡಲೂರಿನ ಎಸ್ಟೇಟಿನಲ್ಲಿದ್ದರು. ಹಾಗಾಗಿ ಸೋಲೂರು ದಾರಿಯಲ್ಲಿದ್ದ ಮಾವನ ಮನೆಯಲ್ಲೇ ನನ್ನ ವಾಸ. ಮಾವ, ಅತ್ತೆ, ನಾನು, ನಾಲ್ಕು ಎಮ್ಮೆ. ಮನೆಯ ಮುಂದೆ ಮೆಟ್ಟಿಲು ಮೆಟ್ಟಿಲಾಗಿ ಇಳಿದುಹೋಗುವ ಆಲೂಗೆಡ್ಡೆ ಹೊಲ, ಅದರ ಕೆಳಗೆ ರಸ್ತೆ, ರಸ್ತೆಯ ಕೆಳಗೆ ಮಂಜು. ಮಂಜಿನ ಕೆಳಗೆ ಏನಿದೆಯೆಂದು ವರ್ಷದಲ್ಲಿ ಆರು ತಿಂಗಳು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅತ್ತೆ ಗುಂಡ್ಲುಪೇಟೆ ಕಡೆಯ ಬಯಲುಸೀಮೆಯವರು. ಮದುವೆಯಾಗಿ ಹದಿನಾರನೆಯ ವಯಸ್ಸಿನಲ್ಲಿ ಎತ್ತಿನ ಗಾಡಿಯಲ್ಲಿ ಘಾಟಿ ಹತ್ತಿ ಬಂದವರು, ಇಪ್ಪತ್ತೆಂಟು ವರ್ಷ ಕೆಳಗಿಳಿದಿರಲಿಲ್ಲ. ಮಳೆ, ಎಮ್ಮೆ, ಗೆಡ್ಡೆ ಕೀಳುವ ಕಾಲ, ಬಿತ್ತುವ ಕಾಲ, ಒಂದಲ್ಲ ಒಂದು. ಅವರಿಗೆ ಬೆಟ್ಟದ ಮೇಲೆ ದೂರೇನೂ ಇರಲಿಲ್ಲ. ಚಳಿಗೆ ಒಗ್ಗಿದ್ದರು, ಮಾತಿಗೆ ಒಗ್ಗಿದ್ದರು. ಒಂದೇ ಒಂದು ದೂರು, ಅದೂ ಸೂರ್ಯನ ಮೇಲೆ.

"ಇಲ್ಲಿ ಸೂರ್ಯ ಮುಳುಗೋದೇ ಇಲ್ಲ ಕನವ್ವ. ಸಂಜ ಆಗಕ್ಕ ಮುಂಚೆನೇ ಗುಡ್ಡದ ಹಿಂದ ಬಚ್ಚಿಟ್ಕತಾನ. ನಮ್ಮೂರ್ಲಿ ಹಂಗಲ್ಲ. ಕೆಂಪಗ ತಾಂಬೂಲದ ತಟ್ಟ ಹಂಗ ಇಳ್ದು ಇಳ್ದು ನೆಲಕ್ಕ ತಾಗಗಂಟ ನೋಡ್ಬೋದು. ಸಾಯದ್ರೊಳಗ ಇನ್ನೊಂದ್ ಸತಿ ನೋಡ್ಬುಟ್ರ ಸಾಕು."

ಈ ಮಾತನ್ನು ಅವರು ವರ್ಷಕ್ಕೊಮ್ಮೆ ಹೇಳುತ್ತಿದ್ದರು. ಮಾವ ಇಪ್ಪತ್ತೆಂಟು ಸಲವೂ ಕೇಳಿಸಿಕೊಂಡು ಸುಮ್ಮನೆ ಎಮ್ಮೆ ಹಾಲು ಕರೆಯಲು ಹೋಗುತ್ತಿದ್ದರು. ಇಪ್ಪತ್ತೊಂಬತ್ತನೆಯ ಸಲ ಹಾಲು ಕರೆಯಲು ಹೋಗಲಿಲ್ಲ. ಮೇಲಿನ ಗುಡ್ಡದ ಬಂಗಲೆಗೆ ಹೋದರು. ಅಲ್ಲಿದ್ದ ದೊರೆ ತೋಟ ಮಾರಿ ತನ್ನ ಸೀಮೆಗೆ ಹಡಗು ಹತ್ತುವವನಿದ್ದ. ಮಧ್ಯಾಹ್ನದ ಹೊತ್ತಿಗೆ ಒಂದು ಹಸಿರು ಕಾರು ಸದ್ದಿಲ್ಲದೆ, ಒಂದು ಗುಟುರು ಕೂಡ ಹಾಕದೆ, ಗುಡ್ಡದಿಂದ ತೇಲಿಬಂದಂತೆ ಇಳಿದು ನಮ್ಮ ಬೇಲಿಗೆ ಒರಗಿ ನಿಂತಿತು. ಒಳಗೆ ರುಮಾಲು ಸುತ್ತಿಕೊಂಡು ನಮ್ಮ ಮಾವ!

ಪಂದ್ಯದಲ್ಲಿ ಓಡಿಸುವಂಥ ಹಳೆಯ ಕಾರು ಅದು. ಮುಂದುಗಡೆ ಎರಡೇ ಸೀಟು, ಹಿಂದೆ ಮುಚ್ಚಳ ತೆಗೆದರೆ ಇನ್ನೊಂದು. ಉದ್ದ ಮೂತಿ, ಆ ಮೂತಿಗೆ ಅಡ್ಡಲಾಗಿ ಚರ್ಮದ ಪಟ್ಟಿ, ಮೇಲೆ ಮಡಚುವ ಕ್ಯಾನ್ವಾಸಿನ ಟಾಪು. ತನ್ನ ಕಾಲದಲ್ಲಿ ಕುದುರೆಗಳನ್ನೆಲ್ಲ ಹಿಂದೆ ಹಾಕಿದ್ದಿರಬಹುದು. ಈಗ ಬೇಲಿಗೆ ಒರಗಿ ಉಸಿರು ಬಿಡುತ್ತಿತ್ತು.

"ಮಾವ, ಇದರಲ್ಲಿ ಎಂಜಿನ್ ಇದೆಯಾ?" ಎಂದು ಕೇಳಿದೆ.

"ಅದೆ ಕೂಸೇ, ಅದೆ. ಇಳಿಜಾರಲ್ಲಿ ಅದನ್ಯಾಕೆ ಎಬ್ಬಿಸೋದು? ಪಾಪ, ಮಲಗಿರಲಿ."

ಅತ್ತೆ ಆರತಿ ತಂದರು. ಆರತಿ ಎತ್ತಿದ ಮೇಲೆ ಕಾರಿನ ಮೈಯನ್ನು ಮೂತಿಯಿಂದ ಬಾಲದವರೆಗೆ ಅಂಗೈಯಿಂದ ಸವರಿಕೊಂಡು ಬಂದು, "ತಣ್ಣಗದ. ಬಣ್ಣ ಯಾವ್ದು?" ಎಂದು ಕೇಳಿದರು. ಮಾವ ಹೊಟ್ಟೆ ಹಿಡಿದು ನಕ್ಕರು. ನಾನೂ ನಕ್ಕೆ. ಆ ನಗುವನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ತಯಾರಿ ಶುರುವಾಯಿತು. ವೆಲ್ಲಿಂಗ್ಟನ್ನಿನಲ್ಲಿ ಪಟಾಲಮ್ಮಿನ ಲಾರಿ ಓಡಿಸಿ ನಿವೃತ್ತರಾಗಿದ್ದ ಡ್ರೈವರೊಬ್ಬರು ವಾರಕ್ಕೆರಡು ದಿನ ಬಂದು ಮಾವನಿಗೆ ಕಲಿಸುತ್ತಿದ್ದರು. ಮೊದಲ ದಿನವೇ ಗುರುಶಿಷ್ಯರಿಗೆ ಜಗಳ. ದೂರದ ಹಾದಿಗೆ ಭಾರವೇ ಶತ್ರು ಎಂದು ಮಾವನ ಸಿದ್ಧಾಂತ. ಅದರಂತೆ ಬೇಡದ ಸಾಮಾನನ್ನೆಲ್ಲ ಕಿತ್ತು ಅಂಗಳದಲ್ಲಿ ರಾಶಿ ಹಾಕಿದ್ದರು. ಆ ರಾಶಿಯಲ್ಲಿ ಎಂಜಿನ್ನಿಗೆ ಕೈಯಿಂದ ತಿರುಗಿಸಿ ಚಾಲೂ ಮಾಡುವ ಕಬ್ಬಿಣದ ಹ್ಯಾಂಡಲೂ ಇತ್ತು! ಗುಂಡಿ ಒತ್ತಿದರೆ ಚಾಲೂ ಆಗುವ ವ್ಯವಸ್ಥೆ ದೊರೆಯ ಕಾಲಕ್ಕೇ ಸತ್ತುಹೋಗಿತ್ತು.

"ಹ್ಯಾಂಡಲ್ ಇಲ್ಲಾಮೆ ವಂಡಿ ಎಂಗೆ ಸಾಮಿ ಸ್ಟಾರ್ಟ್ ಆಗೋದು?" ಎಂದು ಡ್ರೈವರು ತಮ್ಮ ತಮಿಳು ಬೆರೆತ ಕನ್ನಡದಲ್ಲಿ ಕೇಳಿ ತಲೆಯ ಮೇಲೆ ಕೈ ಹೊತ್ತರು.

ಮಾವ ಒಳಗೆ ಹೋಗಿ ಒಂದು ನಿಂಬೆಹಣ್ಣು ತಂದು ಅಂಗಳದ ನಡುವೆ ಇಟ್ಟರು. ಅದು ಒಂದು ಕ್ಷಣ ಯೋಚನೆ ಮಾಡಿತು. ಆಮೇಲೆ ಉರುಳಿಕೊಂಡು ಗೇಟು ದಾಟಿ, ಹೊಲದ ಪಕ್ಕದ ದಾರಿ ಹಿಡಿದು, ರಸ್ತೆಗಿಳಿದು ಮಂಜಿನಲ್ಲಿ ಮಾಯವಾಯಿತು.

"ನಿಂಬೆಹಣ್ಣಿಗೆ ಯಾರು ಹ್ಯಾಂಡಲ್ ಹಾಕಿದ್ರು?" ಎಂದರು ಮಾವ.

ಮಾವನ ಮಾತು ನಿಜವೇ. ನಮ್ಮ ಸೀಮೆಯಲ್ಲಿ ಚಪ್ಪಟೆ ನೆಲ ಅಂತ ಎಲ್ಲಿದೆ? ಊಟಿಯಲ್ಲಿ ಇದ್ದ ಒಂದನ್ನೂ ದೊರೆಗಳು ಕುದುರೆ ಜೂಜಿಗೆ ಕೊಟ್ಟುಬಿಟ್ಟಿದ್ದರು. ಉಳಿದೆಲ್ಲ ಕಡೆ ಮನುಷ್ಯ ಒಂದೋ ಹತ್ತುತ್ತಿರುತ್ತಾನೆ, ಇಲ್ಲವೇ ಇಳಿಯುತ್ತಿರುತ್ತಾನೆ. ಕಾರನ್ನು ಹಿಂದುಹಿಂದಾಗಿ ಕೊಟ್ಟಿಗೆಗೆ ಹತ್ತಿಸಿ ಇಟ್ಟರೆ ಆಯಿತು. ಬೇಕೆಂದಾಗ ಬ್ರೇಕು ಬಿಟ್ಟರೆ ತಾನೇ ಜಾರಿ, ನಡುದಾರಿಯಲ್ಲಿ ಗೇರು ಹಾಕಿದರೆ ಕೆಮ್ಮಿಕೊಂಡು ಎದ್ದೇಳುತ್ತಿತ್ತು. ಮಾವನ ಡ್ರೈವಿಂಗ್ ಪಾಠ ಪೂರ್ತಿ ಹೀಗೆಯೇ ನಡೆಯಿತು. ಆ ಹ್ಯಾಂಡಲಿಗೂ ಕೆಲಸ ಸಿಕ್ಕಿತು. ಕೊಟ್ಟಿಗೆಯ ಬಾಗಿಲಿಗೆ ಅಗುಳಿ ಮುರಿದುಹೋಗಿತ್ತು, ಅದಕ್ಕೆ ಹೇಳಿ ಮಾಡಿಸಿದ ಹಾಗೆ ಕೂತುಕೊಂಡಿತು.

ಕಾರಿನ ಟೈರುಗಳಿಗೂ ಮಾವನದೇ ಶಾಸ್ತ್ರ. ನಮ್ಮ ಗಾಳಿ ತಣ್ಣಗಿನದು, ಕೆಳಗಿನ ಸೀಮೆಗೆ ಹೋದರೆ ಬಿಸಿಯಾಗಿ ಹುಳಿಹಿಟ್ಟಿನ ಹಾಗೆ ಉಬ್ಬುತ್ತದೆ, ಆದ್ದರಿಂದ ಟೈರಿಗೆ ಮುಕ್ಕಾಲು ಹೊಟ್ಟೆ ಮಾತ್ರ ಎಂದು ಅಪ್ಪಣೆಯಾಯಿತು. ದೀಪಗಳಿಗೆ ದಿನಾ ವಿಭೂತಿ. ಇಷ್ಟಾದ ಮೇಲೆ, ಭಾರ ಶತ್ರು ಎಂದವರೇ ಹಿಂದಿನ ಸೀಟಿಗೆ ರಾಗಿ ಹಿಟ್ಟಿನ ಚೀಲ, ಎರಡು ಕಂಬಳಿ, ಹೆಂಡತಿಯ ತೌರಿಗೆಂದು ಒಂದು ಮೂಟೆ ಆಲೂಗೆಡ್ಡೆ ಹಾಕಿದರು. "ಬರಿಗೈಲಿ ಹೋಗೋಕಾಗ್ತದಾ?" ಎಂದರು. ಆ ಮೂಟೆಯ ಮೇಲೆ ಕೂರಬೇಕಾದವಳು ನಾನು.

ಮುಂಗಾರು ಬಂತು. ಜೂನ್, ಜುಲೈ, ಆಗಸ್ಟ್. ಘಾಟಿಯಲ್ಲಿ ಮಣ್ಣು ಕುಸಿದಿತ್ತು, ಹೊರಡುವ ಮಾತೇ ಇಲ್ಲ. ಆಗ ಶುರುವಾದದ್ದು ಕೊಟ್ಟಿಗೆಯ ಯಾತ್ರೆ.

ದಿನಾ ಸಂಜೆ ನಾಲ್ಕೂವರೆಗೆ, ಎಮ್ಮೆಗಳಿಗೆ ಹುಲ್ಲು ಹಾಕಿದ ಮೇಲೆ, ಮಾವ ದೊರೆ ಬಿಟ್ಟುಹೋಗಿದ್ದ, ಧೂಳು ತಡೆಯುವ ಕನ್ನಡಕ ಏರಿಸಿಕೊಂಡು ಸ್ಟೀರಿಂಗ್ ಹಿಡಿಯುತ್ತಿದ್ದರು. ಪಕ್ಕದಲ್ಲಿ ಕಂಬಳಿ ಹೊದ್ದು ಅತ್ತೆ. ಶಾಲೆಯಿಂದ ಬಂದ ನಾನು ಹಿಂದೆ ಆಲೂಗೆಡ್ಡೆಯ ಮೇಲೆ. ತೆರೆದ ಬಾಗಿಲಿನಿಂದ ಮಂಜು ಮೆಲ್ಲಗೆ ಒಳಗೆ ಬಂದು ಮೊದಲು ಚಕ್ರಗಳನ್ನು, ಆಮೇಲೆ ಕಾರಿನ ಮೂತಿಯನ್ನು, ಕಡೆಗೆ ಪಕ್ಕದಲ್ಲಿ ಮೆಲುಕು ಹಾಕುತ್ತಿದ್ದ ಎಮ್ಮೆಗಳನ್ನು ನುಂಗುತ್ತಿತ್ತು. ಮಳೆ ಹೆಂಚಿನ ಮೇಲೆ ಒಂದೇ ಸಮ ಸುರಿಯುತ್ತಿತ್ತು. ಕಣ್ಣು ಅರೆ ಮುಚ್ಚಿದರೆ ಕಾರು ಹೋಗುತ್ತಲೇ ಇದೆ ಅನ್ನಿಸುತ್ತಿತ್ತು.

"ಮಸಿನಗುಡಿ ಬಂತು," ಎನ್ನುತ್ತಿದ್ದರು ಮಾವ. "ಕಂಬಳಿ ತೆಗಿ, ಸೆಕೆ."

ಅತ್ತೆ ಕಂಬಳಿ ತೆಗೆಯುತ್ತಿದ್ದರು! ಆ ಚಳಿಯಲ್ಲಿ!

"ಈಗ ಬಂಡೀಪುರದ ಕಾಡು. ಮಾತಾಡಬೇಡಿ, ಎಡಕ್ಕೆ ಆನೆ." ಎಡಕ್ಕೆ ನಮ್ಮ ದೊಡ್ಡ ಎಮ್ಮೆ ಉಸಿರು ಬಿಡುತ್ತಿತ್ತು. ನಾವು ಮೂವರೂ ಉಸಿರು ಬಿಗಿಹಿಡಿದು ಕೂರುತ್ತಿದ್ದೆವು. "ಹಾ, ದಾಟಿತು. ಗುಂಡ್ಲುಪೇಟೆ. ಇನ್ನು ನಿನ್ನೂರಿನ ಹಾದಿ."

ಅಲ್ಲಿಂದ ಮುಂದೆ ಮಾವನಿಗೆ ದಾರಿ ಸರಿಯಾಗಿ ತಿಳಿಯದು. ಮದುವೆಗೆ ಹೋದದ್ದೇ ಕೊನೆ. ಹಾಗಾಗಿ ಅತ್ತೆ ಹೇಳಿಕೊಡಬೇಕು.

"ಆಲದ ಮರ ಬಂತು, ಎಡಗಡೆ," ಎಂದು ಮಾವ.

"ಎಡಕ್ಕಲ್ಲ, ಬಲಕ್ಕ. ಅದ ದಾಟುದ್ರ ಕೆರ. ಕೆರ ಏರಿ ಮ್ಯಾಲ ಕುರಿ ಬತ್ತಾ ಇರ್ತವ."

"ಕುರಿ ಬಂದೋ. ಹಾರನ್ ಹೊಡೆದೆ. ಪಕ್ಕಕ್ಕೆ ಸರಿದೋ. ಈಗ ನೋಡು, ಎದುರಿಗೆ ಬರೀ ಬಯಲು. ಒಂದು ಗುಡ್ಡ ಇಲ್ಲೆ. ಸೂರ್ಯ ಕೆಂಪಗೆ ಇಳೀತಾ ಇದಾನೆ, ನೇರ ನಮ್ಮ ಮೂತಿಯ ಮುಂದೆ. ಇನ್ನು ನಾಲ್ಕು ಬೆರಳು. ಎರಡು ಬೆರಳು. ಹಾ, ತಾಗಿತು."

ಅತ್ತೆ "ತಾಗ್ತು," ಎಂದು ಮೆಲ್ಲಗೆ ಹೇಳುತ್ತಿದ್ದರು. ಆಮೇಲೆ ಕಂಬಳಿಯನ್ನು ಮತ್ತೆ ಹೊದ್ದುಕೊಳ್ಳುತ್ತಿದ್ದರು.

ನಾನು ಭೂಗೋಳದ ಟೀಚರಲ್ಲವೇ? ಒಂದು ದಿನ ತಡೆಯಲಾರದೆ ಹೇಳಿಬಿಟ್ಟೆ. "ಮಾವ, ದೊಡ್ಡ ರಸ್ತೆ ಬಿಟ್ಟು ಅತ್ತೆಯ ಊರಿಗೆ ಪೂರ್ವಕ್ಕೆ ತಿರುಗಬೇಕು. ಸಂಜೆ ಸೂರ್ಯ ನಮ್ಮ ಬೆನ್ನ ಹಿಂದೆ ಇರ್ತಾನೆ, ಮುಂದೆ ಅಲ್ಲ."

ಮಾವ ಕನ್ನಡಕ ಎತ್ತಿ ನನ್ನನ್ನು ನೋಡಿದರು. "ನಿನ್ನ ಶಾಲೆ ಸೂರ್ಯ ಹಿಂದೆ ಇರಲಿ ಕೂಸೇ. ಎನ್ನ ಕಾರಿನ ಸೂರ್ಯ ಮುಂದೆ."

"ಮುಂದನೇ ಇರ್ಲಿ ಬುಡವ್ವ," ಎಂದರು ಅತ್ತೆ. ಭೂಗೋಳ ಸೋತಿತು. ಮರುವಾರದಿಂದ ನಾವು ಶ್ರೀಶೈಲಕ್ಕೆ ಹೊರಟೆವು.

ದೀಪಾವಳಿಯ ಹೊತ್ತಿಗೆ ನನಗೆ ಗುಮಾನಿ ಬಂತು. ಅತ್ತೆ ಅಕ್ಕಿಯ ಕಲ್ಲನ್ನು ನೋಡಿ ಆರಿಸುತ್ತಿರಲಿಲ್ಲ, ಬೆರಳಿನಿಂದ ಮುಟ್ಟಿ ಆರಿಸುತ್ತಿದ್ದರು. ಮಧ್ಯಾಹ್ನದ ಬಿಸಿಲಿನಲ್ಲಿ ಹೊಸ್ತಿಲನ್ನು ಕಾಲಿನಿಂದ ತಡವಿ ದಾಟುತ್ತಿದ್ದರು. ಸಂತೆಗೆಂದು ಹೇಳಿ ಅವರನ್ನು ಪೇಟೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಕನ್ನಡಿ ಹಿಡಿದು ತುಂಬ ಹೊತ್ತು ನೋಡಿದರು. ಪೊರೆಯಾಗಿದ್ದರೆ ತೆಗೆಯಬಹುದಿತ್ತಂತೆ. ಇದು ಕಣ್ಣಿನ ಹಿಂದಿನ ನರವೇ ಒಣಗುವ ಕಾಯಿಲೆ, ಇದಕ್ಕೆ ಕತ್ತರಿಯೂ ಇಲ್ಲ, ಔಷಧವೂ ಇಲ್ಲ ಎಂದರು.

ಹಿಂದಿರುಗುವಾಗ ಅತ್ತೆ ನನ್ನ ಕೈ ಹಿಡಿದು ನಡೆಯುತ್ತ ಹೇಳಿದರು: "ಅವ್ರಿಗ ಹೇಳ್ಬ್ಯಾಡ ಕನವ್ವ. ಹೇಳುದ್ರ ಗಾಬ್ರಿಲಿ ಇವತ್ತೇ ಹೊಂಟ್ಬುಡ್ತಾರ. ಆ ಮನ್ಸನ್ ಕಾರು, ಆ ಘಾಟಿ... ಕಣ್ಣಿಲ್ದೆ ಬದುಕ್ಬೋದು, ಕಾಲಿಲ್ದೆ ಕಷ್ಟ."

ಅವರು ನಕ್ಕರು. ನಾನು ನಗಲಿಲ್ಲ. ಅಂದಿನಿಂದ ನಾನು ಮಾವನ ಬೆನ್ನು ಹತ್ತಿದೆ. ಮಳೆ ನಿಂತಿತಲ್ಲ ಮಾವ? ರಸ್ತೆ ಸರಿಯಾಯಿತಲ್ಲ ಮಾವ? ಎಂದರೆ ಅವರಿಗೆ ಇನ್ನೂ ತಯಾರಿ ಬಾಕಿ! ಚರ್ಮದ ಪಟ್ಟಿಗೆ ಎಣ್ಣೆ ಸಾಲದು. ಕಾಶಿಯಿಂದ ಹಿಂದಿರುಗುವಾಗ ಕಾರು ಬಲಕ್ಕೆ ಎಳೆದ ಹಾಗೆ ಅನ್ನಿಸಿತು. ಕೊಟ್ಟಿಗೆಯಲ್ಲಿ ನಿಂತ ಕಾರು ಯಾವ ಕಡೆಗೆ ಎಳೆದೀತು? ನನಗೆ ಅಳು ಬರುತ್ತಿತ್ತು. ದಿನದಿನಕ್ಕೆ ಅತ್ತೆಯ ಬೆರಳುಗಳ ಕೆಲಸ ಹೆಚ್ಚುತ್ತಿತ್ತು, ಕಣ್ಣುಗಳದು ಕಡಿಮೆಯಾಗುತ್ತಿತ್ತು. ಸಂಜೆ ಕೊಟ್ಟಿಗೆಯಲ್ಲಿ ಮಾತ್ರ ಅವರಿಗೆ ಏನೂ ಕೊರತೆಯಿದ್ದಂತೆ ಕಾಣುತ್ತಿರಲಿಲ್ಲ. ಅಲ್ಲಿ ನಮ್ಮ ಮೂವರ ಕಣ್ಣಿಗೂ ಕಾಣುತ್ತಿದ್ದದ್ದು ಒಂದೇ.

ಜನವರಿಯಲ್ಲಿ ಒಂದು ದಿನ ನನ್ನ ತಾಳ್ಮೆ ಕೆಟ್ಟಿತು. "ಮಾವ, ಬರುವ ಸೋಮವಾರ ನೀವು ಹೊರಡದಿದ್ದರೆ ನಾನು ಅತ್ತೆಯನ್ನು ಎತ್ತಿನ ಗಾಡಿಯಲ್ಲಿ ಕೂರಿಸಿಕೊಂಡು ಹೋಗುತ್ತೇನೆ!"

ಗಾಡಿ ಎಂದದ್ದೇ ತಡ, ಮಾವ ಕುಳಿತಲ್ಲಿಂದ ಎದ್ದರು. ಅವಮಾನದಿಂದಲ್ಲ. "ನೋಡಿದೆಯಾ? ದಿಮ್ಮಿನೇ ಮರೆತಿದ್ದೆ!"

ಎತ್ತಿನ ಗಾಡಿ ಘಾಟಿ ಇಳಿಯುವಾಗ ಅಂಕೆ ತಪ್ಪದಿರಲೆಂದು ಹಿಂದಕ್ಕೊಂದು ಮರದ ದಿಮ್ಮಿ ಕಟ್ಟಿ ಎಳೆಸುವುದು ನಮ್ಮಲ್ಲಿ ವಾಡಿಕೆ. ಗಾಡಿಗೆ ಬೇಕಾದದ್ದು ಕಾರಿಗೆ ಬೇಡವೇ? ಡ್ರೈವರು ಬೇಡಿಕೊಂಡರು, "ಬ್ರೇಕ್ ಇರುಕ್ಕು ಸಾಮಿ!" ಎಂದರು. ಬ್ರೇಕು ದೊರೆಯದು, ದಿಮ್ಮಿ ನಮ್ಮದು ಎಂದುಬಿಟ್ಟರು ಮಾವ.

ಸೋಮವಾರ ಬೆಳಿಗ್ಗೆ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದ ಹಾಗೆ ಹಿಮ ಬಿದ್ದಿತ್ತು. ಟೈರಿನ ಕೆಳಗಿಟ್ಟ ನಿಂಬೆಹಣ್ಣುಗಳು ಕಾರಿಗಿಂತ ಮೊದಲೇ ಪ್ರಯಾಣ ಹೊರಟುಬಿಟ್ಟವು. ಒಂದನ್ನು ಮಾವ ಓಡಿಹೋಗಿ ಹಿಡಿದು ಜೇಬಿಗೆ ಹಾಕಿಕೊಂಡರು. ಕಾರು ಜಾರಿತು, ಕೆಮ್ಮಿತು, ಎದ್ದಿತು. ರಸ್ತೆಯಲ್ಲಿ ಅದನ್ನು ಗುರುಗುಟ್ಟಿಸುತ್ತ ನಿಲ್ಲಿಸಿ, ಮಾವ ಮತ್ತೆ ಮೇಲೆ ಹತ್ತಿ ಹೋಗಿ ಕೊಟ್ಟಿಗೆಯ ಬಾಗಿಲನ್ನು ಭದ್ರವಾಗಿ ಹಾಕಿ ಬಂದರು.

ಕಲ್ಲಟ್ಟಿ ಘಾಟಿಯನ್ನು ನಾವು ಇಳಿದ ವೈಭವವನ್ನು ಏನೆಂದು ಹೇಳಲಿ! ಹಿಂದೆ ದಿಮ್ಮಿ ಕಲ್ಲಿಗೆ ಬಡಿದು ಗುಡುಗುತ್ತಿತ್ತು, ಅದರ ಹಿಂದೆ ಧೂಳಿನ ಗೋಪುರ. ಆನೆ ನೋಡಬೇಕೆಂದು ಎಂಟು ತಿಂಗಳಿನಿಂದ ಆಸೆಪಟ್ಟಿದ್ದ ನಮಗೆ ದಾರಿಯುದ್ದಕ್ಕೂ ಒಂದು ಅಳಿಲು ಕೂಡ ಕಾಣಿಸಲಿಲ್ಲ. ಮಸಿನಗುಡಿಯಲ್ಲಿ ಒಂದು ಇಳಿಜಾರು ನೋಡಿ ಕಾರು ನಿಲ್ಲಿಸಿ, ದಿಮ್ಮಿ ಬಿಚ್ಚಿ, ಚಹಾದಂಗಡಿಯವನಿಗೆ ಜೋಪಾನ ಹೇಳಿ, ನೆರಳಲ್ಲಿ ಉಂಡು ಮಲಗೆದ್ದು ಹೊರಟೆವು. ಬಿಸಿಗಾಳಿ ಬೀಸಿತು. ಅತ್ತೆ ಕೇಳುವ ಮುಂಚೆಯೇ ಕಂಬಳಿ ತೆಗೆದರು.

ಗುಂಡ್ಲುಪೇಟೆ ದಾಟಿದಾಗ ಹೊತ್ತು ಇಳಿಯುತ್ತಿತ್ತು. ದೊಡ್ಡ ರಸ್ತೆ ಬಿಟ್ಟು ಊರಿನ ಮಣ್ಣು ದಾರಿಗೆ ತಿರುಗಿದೆವು. ಅಲ್ಲಿ ಸಣ್ಣದೊಂದು ಇಳಿಜಾರು. ಇಳಿಜಾರು ಕಂಡ ಕೂಡಲೇ ಮಾವನ ಕೈ ತಾನಾಗಿಯೇ ಹೋಗಿ ಎಂಜಿನ್ ನಿಲ್ಲಿಸಿತು. ಕಾರು ತಂದ ದಿನದಿಂದ ಬಂದ ಅಭ್ಯಾಸ, ಏನು ಮಾಡೋಣ? ಕಾರು ಸದ್ದಿಲ್ಲದೆ ಇಳಿಯಿತು. ಬಯಲಿಗೆ ಬಂತು. ನಿಧಾನವಾಯಿತು. ಇನ್ನೂ ನಿಧಾನವಾಯಿತು. ನಿಂತಿತು.

ಮಾವ ಮುಂದಿನ ಇಳಿಜಾರಿಗೆ ಕಾದರು. ಅದು ಬರಲಿಲ್ಲ. ಕೆಳಗಿಳಿದು ಸುತ್ತ ನೋಡಿದರು. ರಾಗಿ ಕೊಯ್ದ ಹೊಲ, ಅದರಾಚೆ ಹೊಲ, ಅದರಾಚೆ ಆಕಾಶ. ಜೇಬಿನಿಂದ ನಿಂಬೆಹಣ್ಣು ತೆಗೆದು ನೆಲದ ಮೇಲಿಟ್ಟರು. ಅದು ಅಲುಗಲಿಲ್ಲ. ಮಾವ ಕಾಲಿನಿಂದ ಸ್ವಲ್ಪ ನೂಕಿದರು. ಒಂದು ಗೇಣು ಉರುಳಿ ಮತ್ತೆ ನಿಂತುಕೊಂಡಿತು! ನಿಂತಲ್ಲೇ ನಿಲ್ಲುವ ನಿಂಬೆಹಣ್ಣನ್ನು ನಮ್ಮ ಮಾವ ಜೀವಮಾನದಲ್ಲಿ ಅದೇ ಮೊದಲು ನೋಡಿದ್ದು.

ಕಾರಿನ ಮೂತಿಯ ಮುಂದೆ ನಿಂತು, ಹ್ಯಾಂಡಲು ತೂರಿಸುವ ತೂತನ್ನು ನೋಡುತ್ತ ಮೆಲ್ಲಗೆ ಕೇಳಿದರು. "ಕೂಸೇ, ಆ ಹ್ಯಾಂಡಲು?"

"ಕೊಟ್ಟಿಗೆ ಬಾಗಿಲಿಗೆ ಭದ್ರವಾಗಿ ಹಾಕಿ ಬಂದಿರಲ್ಲ ಮಾವ!"

ಮಾವ ಒಳಗೆ ಕೂತರೆ ತಳ್ಳುವವಳು ನಾನೊಬ್ಬಳೇ. ಅಷ್ಟು ಆಲೂಗೆಡ್ಡೆಯ ಜೊತೆ ಆ ಕಾರನ್ನು ಓಡುವ ಹಾಗೆ ತಳ್ಳಲು ನನ್ನಿಂದಾದೀತೇ? ನನಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆ. ಆಗ ಕಾರಿನೊಳಗಿಂದ ಅತ್ತೆಯ ಧ್ವನಿ ಕೇಳಿಸಿತು.

"ಬಂತು ಅಲ್ವಾ? ಆಲದ ಮರ ದಾಟಾಯ್ತು. ಕೆರ ಬಂತು. ನೋಡಿ, ಎಷ್ಟ್ ಕೆಂಪಗಾನ... ಇನ್ನ ನಾಕ್ ಬೆಳ್ಳು ಅದ. ನೇರ ಮುಂದಕ್ಕ."

ಅತ್ತೆ ಮುಂದಿನ ಗಾಜಿನ ಮೂಲಕ ನೇರವಾಗಿ ನೋಡುತ್ತಿದ್ದರು. ಮುಖದಲ್ಲಿ ಅಂಥ ಸಂತೋಷವನ್ನು ನಾನು ಯಾವತ್ತೂ ಕಂಡಿರಲಿಲ್ಲ. ಮುಂದೆ ಇದ್ದದ್ದು ಪೂರ್ವ. ಅಲ್ಲಿ ಬೂದಿ ಬಣ್ಣದ ಆಕಾಶ, ಬೇರೇನೂ ಇಲ್ಲ. ಸೂರ್ಯ ಕಾರಿನ ಬೆನ್ನ ಹಿಂದೆ, ಕ್ಯಾನ್ವಾಸ್ ಟಾಪಿನ ಆಚೆ, ಒಂಟಿಯಾಗಿ ಇಳಿಯುತ್ತಿದ್ದ.

ಮಾವ ಅತ್ತೆಯನ್ನು ನೋಡಿದರು. ತಿರುಗಿ ಸೂರ್ಯನನ್ನು ನೋಡಿದರು. ಆಮೇಲೆ ನನ್ನನ್ನು. ನನ್ನ ನಗು ಎಲ್ಲಿ ಹೋಯಿತೋ.

"ಯಾವಾಗಿಂದ?" ಎಂದು ತುಟಿ ಅಲುಗಿಸಿದರು.

"ದೀಪಾವಳಿಗೆ ನನಗೆ ಗೊತ್ತಾಯಿತು," ಎಂದೆ. ಬಣ್ಣ ಯಾವುದೆಂದು ಕೇಳಿದ ದಿನ ಅವರಿಗೂ ನೆನಪಾಗಿರಬೇಕು. ಹಸಿರು ಬಾನೆಟ್ಟಿನ ಮೇಲೆ ಎರಡೂ ಕೈಯೂರಿ ಸ್ವಲ್ಪ ಹೊತ್ತು ತಲೆ ತಗ್ಗಿಸಿಕೊಂಡು ನಿಂತರು. ಮತ್ತೆ ತಲೆಯೆತ್ತಿದಾಗ ಧ್ವನಿಯಲ್ಲಿ ಕೊಟ್ಟಿಗೆಯ ಸಂಜೆಗಳ ಅದೇ ಹುಮ್ಮಸ್ಸು.

"ಏ, ಗಟ್ಟಿಯಾಗಿ ಹಿಡಿದುಕೊ! ಹಿಂದೆ ಒಂದು ಇಳಿಜಾರು ಕಾಣ್ತದೆ. ಕಾರು ತಿರುಗಿಸ್ತೀನಿ."

ಇಳಿಜಾರಾಗಿರಲಿಲ್ಲ ಅದು. ಮಾವ ಹೊರಗಿನಿಂದಲೇ ಸ್ಟೀರಿಂಗ್ ಹಿಡಿದು ಹೆಗಲು ಕೊಟ್ಟರು, ನಾನು ಹಿಂದಿನಿಂದ ನೂಕಿದೆ. ಒಂದು ಸಲ ಮುಂದಕ್ಕೆ, ಒಂದು ಸಲ ಹಿಂದಕ್ಕೆ, ರಾಗಿ ಕೂಳೆಯ ಮೇಲೆ ಇಂಚಿಂಚಾಗಿ ಆ ಕಾರನ್ನು ಪಶ್ಚಿಮಕ್ಕೆ ತಿರುಗಿಸಿದೆವು. ಮಾವ ಬೆವರಿನಲ್ಲಿ ತೊಯ್ದಿದ್ದರು. ವಿಭೂತಿ ಕರಗಿ ಕಣ್ಣಿಗಿಳಿದಿತ್ತು. ಒರೆಸಿಕೊಂಡದ್ದು ಅದನ್ನೇ ಎಂದು ನಾನು ಎಷ್ಟು ಹೇಳಿದರೂ ನೀವು ನಂಬಲಾರಿರಿ. ಟಾಪನ್ನು ಮಡಚಿ ಹಿಂದಕ್ಕೆ ಹಾಕಿದರು.

ಬಿಸಿಲು ಅತ್ತೆಯ ಮುಖದ ಮೇಲೆ ಬಿತ್ತು. ಮಾತಾಡುತ್ತಿದ್ದವರು ನಿಲ್ಲಿಸಿದರು. ಕೆನ್ನೆಯ ಮೇಲೆ ಅಂಗೈ ಇಟ್ಟುಕೊಂಡು, ಅದು ಬೆಚ್ಚಗಿರುವುದನ್ನು ತಿಳಿದುಕೊಂಡು ಕೇಳಿದರು.

"ಇಷ್ಟೊತ್ತೂ ನಾ ಎತ್ತಗ ನೋಡ್ತಿದ್ದೆ?"

ಮಾವ ಪಕ್ಕದ ಸೀಟಿಗೆ ಬಂದು ಕೂತು, ಹಣೆಗೇರಿಸಿದ್ದ ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಎನ್ನ ಕಡೆಗೆ," ಎಂದರು.

ಅತ್ತೆ ಅವರ ಕೈಗಾಗಿ ತಡವಿದರು. ಸ್ಟೀರಿಂಗಿನ ಮೇಲೆ ಸಿಕ್ಕಿತು.

"ತಾಗ್ತಾ ನೆಲಕ್ಕ?"

"ಇನ್ನೂ ಇಲ್ಲೆ," ಎಂದರು ಮಾವ. "ಅವನೂ ಎಂಜಿನ್ ನಿಲ್ಲಿಸಿ ಇಳೀತಾ ಇದಾನೆ. ಕೂತಿರು, ಹೇಳ್ತೀನಿ."